ಎರಡನೇ ಭಾಗದಲ್ಲಿ ಬಿದ್ದವನು

ಮನೆಯವರ ಪಾಲಿಗೆ ಅವನು ಬರೀ ಅವಳ ಒಬ್ಬ ಪೇಷಂಟ್. ಮತ್ತೆ ನಡೆಯೋದು ಕಲಿಸಿದ ಫಿಸಿಯೋಥೆರಪಿಸ್ಟ್‌ಗೆ ಥ್ಯಾಂಕ್ಸ್ ಹೇಳೋಕೆ ಭಾನುವಾರ ಮಧ್ಯಾಹ್ನ ಬಂದವನು, ಅಷ್ಟೇ. ಅಷ್ಟೇ ಅಲ್ಲ ಅಂತ ಹೇಳೋಕೆ ಅವಳು ಬೆಳಗ್ಗೆಯಿಂದ ಎಷ್ಟೋ ಸಲ ಬಾಯಿ ತೆರೆದಿದ್ದಳು. ಪ್ರತಿ ಸಲವೂ ಬೇರೇನೋ ಮಾತಾಡಿ ಎದ್ದು ಹೋಗಿದ್ದಳು.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಅಪ್ಪ ಸೋಫಾದಲ್ಲಿ ಜಾಗ ಮಾಡಿಕೊಟ್ಟರು. “ಮೊದಲನೇ ಭಾಗ ನೋಡಿದೀರಾ? ಇದು ಎರಡನೇದು. ಹೊಡೆದಾಟ ಅಂದ್ರೆ ಹೊಡೆದಾಟ!”

ಟಿವಿಯಲ್ಲಿ ಚಿತ್ರದ ಹೆಸರು ಮೂಡಿತು. ಅವಳು ತಟ್ಟನೆ ಅವನತ್ತ ತಿರುಗಿದಳು. ಹೀರೋ ಬದಲಿಗೆ ಡೂಪ್ ಆಗಿ ಬಿದ್ದು ಏಳುವುದೇ ಅವನ ಕಸುಬಾಗಿತ್ತು. ಬಿದ್ದವನು ಏಳದೇ ಹೋಗಿದ್ದು ಇದೇ ಚಿತ್ರದಲ್ಲಿ.

“ಬೇರೆ ಏನಾದ್ರೂ ಹಾಕೋಣ್ವಾ?” ಅವಳು ಕೇಳಿದಳು.

“ಸುಮ್ನಿರಮ್ಮ, ಈಗಷ್ಟೇ ಶುರುವಾಗಿದೆ,” ಅಂದ ಭಾವ ವಾಲ್ಯೂಮ್ ಏರಿಸಿದರು.

ಅವನು ಓರೆಗಣ್ಣಲ್ಲಿ ಅವಳತ್ತ ನೋಡಿ, ತುಟಿಯಂಚಲ್ಲೇ ಕೇಳಿದ. “ಭಯ ಆಗ್ತಿದೆಯಾ ಡಾಕ್ಟ್ರೇ?”

ನಾನು ಡಾಕ್ಟರಲ್ಲ ಅಂತ ಎಷ್ಟು ಹೇಳಿದರೂ ಅವನು ಕೇಳುವವನಲ್ಲ. ಬೇರೆ ದಿನವಾಗಿದ್ದರೆ ಅವಳು ಕಣ್ಣರಳಿಸಿ ಗದರುತ್ತಿದ್ದಳು. ಇವತ್ತು ರೆಪ್ಪೆ ತಗ್ಗಿಸಿದಳು.

ಅರ್ಧ ಗಂಟೆಗೆ ಆ ದೃಶ್ಯ ಬಂತು. ಮೂರನೇ ಮಹಡಿಯ ಗಾಜು ಒಡೆದುಕೊಂಡು ಹೀರೋ ಕೆಳಕ್ಕೆ ಹಾರಿದ. ಕಂಡಿದ್ದು ಬೆನ್ನು ಮಾತ್ರ. ಎಂಟು ತಿಂಗಳು ಅವಳು ತನ್ನ ಕೈಯಾರೆ ನೀವಿದ ಬೆನ್ನು. ಎಡಭುಜ ಚೂರು ತಗ್ಗು.

ಭಾವ ಶಿಳ್ಳೆ ಹಾಕಿದರು. “ಡೂಪ್ ಇಲ್ದೇ ಮಾಡಿದಾನಂತೆ! ಇನ್ನೊಂದ್ಸಲ ನೋಡೋಣ.”

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಆಮೇಲೆ ಇನ್ನೊಮ್ಮೆ. ಪಕ್ಕದಲ್ಲಿ ಕೂತವನ ಬೆರಳುಗಳು ಸೋಫಾದ ಅಂಚನ್ನು ಬಿಗಿಯಾಗಿ ಹಿಡಿದು ಬಿಳಿಚಿಕೊಂಡಿದ್ದವು.

“ನಿಲ್ಲಿಸಿ ಭಾವ!” ಅವಳು ರಿಮೋಟ್ ಕಿತ್ತುಕೊಂಡಳು. “ಅಲ್ಲಿ ಬೀಳ್ತಿರೋದು ಇವರು. ನಾನು ಮದುವೆ ಆಗ್ಬೇಕು ಅಂತಿರೋದೂ ಇವರನ್ನೇ.”

ಅಪ್ಪ ಅವನ ಪಕ್ಕ ಒರಗಿಸಿಟ್ಟಿದ್ದ ಊರುಗೋಲಿನತ್ತ ನೋಡಿದರು. “ಬೇಜಾರು ಮಾಡ್ಕೋಬೇಡಪ್ಪ. ಇನ್ನು ಆ ಕೆಲಸ ಮಾಡೋಕಾಗುತ್ತಾ?”

“ಇಲ್ಲ ಸರ್. ಸೊಂಟ ಇನ್ನು ಇಷ್ಟೇ ಅಂತೆ.”

“ಇವಳು ದಿನವಿಡೀ ರೋಗಿಗಳನ್ನ ಎಬ್ಬಿಸಿ ಕೂರಿಸಿ ಸುಸ್ತಾಗಿ ಬರ್ತಾಳೆ. ಮನೆಗೆ ಬಂದ್ರೂ ಅದೇನಾ?”

ಮಾತಲ್ಲಿ ವಿಷವಿರಲಿಲ್ಲ. ಅದಕ್ಕೇ ಇನ್ನಷ್ಟು ನಾಟಿತು. ಅವನು “ಬರ್ತೀನಿ” ಅಂದವನೇ ಎದ್ದ.

ಗೇಟಿನ ಹತ್ತಿರ ಅವಳು ಅಡ್ಡ ನಿಂತಳು.

“ಅವರು ಹೇಳಿದ್ರಲ್ಲಿ ತಪ್ಪೇನಿದೆ?” ಅವನು ನೆಲ ನೋಡಿದ. “ನನ್ನ ಬಿಟ್ಬಿಡಿ.”

“ಆವತ್ತು ಬಿದ್ಮೇಲೆ ಏನಾಯ್ತು? ಇಲ್ಲೀವರೆಗೂ ನೀವು ಹೇಳೇ ಇಲ್ಲ.”

ಅವನು ತಡೆದು ತಡೆದು ಹೇಳಿದ. “ಶಾಟ್ ಓಕೆ ಅಂದ್ರು. ಎಲ್ಲ ಚಪ್ಪಾಳೆ ಹೊಡೆದ್ರು. ತಾನೇ ಏಳ್ತಾನೆ ಅಂತ ನೋಡ್ತಾ ನಿಂತ್ರು. ಎಷ್ಟೋ ಹೊತ್ತು... ಯಾರೂ ಹತ್ರ ಬರ್ಲಿಲ್ಲ.”

ಅವಳು ಹತ್ತಿರ ಹೋದಳು. ಅವನ ಹಣೆ ಅವಳ ಹೆಗಲಿಗೆ ಒರಗಿತು. ಇಷ್ಟು ತಿಂಗಳ ನೋವಿಗೂ ಅಳದವನು ಹಾಡಹಗಲೇ, ಬೀದಿಯಲ್ಲಿ, ಬಿಕ್ಕಿ ಬಿಕ್ಕಿ ಅತ್ತ.

ಒಳಗಿಂದ ಅಪ್ಪ ಎರಡು ಸಲ ಕರೆದರು. ಅವಳು ಓಗೊಡಲಿಲ್ಲ.