ಬೋಲ್ಟಿನ ಮೇಲಿನ ಕೆಂಪು ಗೆರೆ

"ಮುಟ್ಟಬೇಡಿ!"

ಶೆಡ್ಡಿನ ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ, ಏಸಿ ಮೆಕ್ಯಾನಿಕ್‌ನ ಕೈ ಪಿಕಪ್ಪಿನ ಬಾನೆಟ್ ಮೇಲೇ ನಿಂತುಬಿಟ್ಟಿತು.

"ಮುಟ್ಟದೆ ಏಸಿ ಹೇಗ್ರೀ ಕೂರಿಸ್ಲಿ? ಮಂತ್ರ ಹಾಕ್ಲಾ?"

"ನನ್ನೆದುರಿಗೇ ತೆಗೀರಿ. ಒಳಗಿರೋದು ಈ ಗಾಡಿ ಎಂಜಿನ್ ಅಲ್ಲ. ಬೇರೆ ಕಾರಿಂದು. ನಮ್ಮಪ್ಪ ಕೈಯಾರೆ ಕೂರಿಸಿದ್ದು."

ಅವನು ಬಾನೆಟ್ ಎತ್ತಿದ. ನೋಡಿದ... ನೋಡುತ್ತಲೇ ಇದ್ದ. ತುಟಿಯಂಚಿನಲ್ಲಿ ಸಣ್ಣ ನಗು ಬಂತು.

ಯಾಕೆ ನಗ್ತಿದ್ದಾನೆ? ಒಳ್ಳೆ ಮಾಲು ಸಿಕ್ತು ಅಂತಲಾ?

"ಎಷ್ಟು ದಿನ ಆಗುತ್ತೆ?"

"ನೋಡೋಣ."

"ಇದಕ್ಕೆ ರೆಡಿ ಸೆಟ್ ಸಿಗಲ್ವಾ?"

"ನೋಡೋಣ."

ಆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ 'ನೋಡೋಣ' ಎಂದು. ಎರಡೇ ನಿಮಿಷದಲ್ಲಿ ಕಾರಣ ಗೊತ್ತಾಯಿತು. ಆದರೆ ಅವನ ಆ ತಣ್ಣನೆಯ ದನಿ ಮನೆ ತಲುಪಿದ ಮೇಲೂ ಕಿವಿಯಲ್ಲೇ ಯಾಕೆ ಉಳಿದಿತ್ತು ಎಂಬುದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ!

ಇಷ್ಟಕ್ಕೇ ಅವಳನ್ನು ಜಗಳಗಂಟಿ ಅಂದುಬಿಡಬೇಡಿ. ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಹಿಂದಿನ ವರ್ಷ ಸರ್ವೀಸಿಗೆಂದು ಗಾಡಿ ಬಿಟ್ಟಾಗ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೇ ಒಬ್ಬ ಮಹಾನುಭಾವ ಬದಲಾಯಿಸಿ, ಗುಜರಿ ಸಾಮಾನು ಕೂರಿಸಿ ಕಳಿಸಿದ್ದ. ಹೊಸದನ್ನು ಹುಡುಕಿ ಹಾಕುವ ಹೊತ್ತಿಗೆ ಅಪ್ಪನ ಕೈ ನಡುಗಲು ಶುರುವಾಗಿತ್ತು. ಅದೇ ಅವರು ಸ್ಪ್ಯಾನರ್ ಹಿಡಿದ ಕೊನೆಯ ಸಲ.

ಅಪ್ಪ, ಮಗಳು ಆ ಗಾಡಿಯಲ್ಲಿ ನರ್ಸರಿಯ ಗಿಡಗಳನ್ನು ಮನೆಮನೆಗೆ ತಲುಪಿಸುತ್ತಿದ್ದರು. ಹಿಂದೆ ಗಿಡ, ಮುಂದೆ ಇವರಿಬ್ಬರ ಹರಟೆ. ಈ ಬೇಸಿಗೆಯಲ್ಲಿ ಅಪ್ಪ ಸೀಟಿನಲ್ಲೇ ಎಚ್ಚರ ತಪ್ಪಿ ವಾಲಿದರು. "ಇನ್ಮೇಲೆ ಬಿಸಿಲಲ್ಲಿ ಗಾಡಿ ಹತ್ತಿಸಬೇಡಿ" ಎಂದರು ಡಾಕ್ಟರು. ಅಂದಿನಿಂದ ಅಪ್ಪ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಆ ಪಕ್ಕದ ಸೀಟು ಅವರಿಗೆ ಮತ್ತೆ ಸಿಗಬೇಕು. ಅದಕ್ಕೇ ಈ ಏಸಿ.

ಹಾಗಾಗಿ ಗಾಡಿ ಬಿಡುವ ಹಿಂದಿನ ಸಂಜೆ ಅವಳೊಂದು ಉಪಾಯ ಮಾಡಿದ್ದಳು. ತನ್ನ ಕೆಂಪು ನೇಲ್ ಪಾಲಿಶ್ ತಂದು, ಎಂಜಿನ್ನಿನಲ್ಲಿ ಕೈಗೆಟುಕಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಸಣ್ಣ ಗೆರೆ ಎಳೆದಿದ್ದಳು. ಬೋಲ್ಟ್ ತಿರುಗಿದರೆ ಗೆರೆ ತುಂಡು, ಕಳ್ಳ ಕೈಗೆ!

ಆಮೇಲೆ ದಿನಾ ಮಧ್ಯಾಹ್ನ ಶೆಡ್ಡಿಗೆ ಹಾಜರಿ. ಅವನು ರಟ್ಟು ಕತ್ತರಿಸಿ ಎಂಜಿನ್ ಪಕ್ಕ ಹಿಡಿದು ನೋಡುತ್ತಿದ್ದ, ಮತ್ತೆ ಕತ್ತರಿಸುತ್ತಿದ್ದ.

"ಏನ್ರೀ ಇದು, ಮಕ್ಕಳಾಟ?"

"ಏಸಿ ಕಂಪ್ರೆಸರ್ ಕೂರೋ ಬ್ರಾಕೆಟ್‌ಗೆ ಅಳತೆ. ಗಾಡಿ ಒಂದು, ಎಂಜಿನ್ ಇನ್ನೊಂದು ನೋಡಿ, ಅಂಗಡೀಲಿ ಸಿಗೋದು ಯಾವುದೂ ಕೂರಲ್ಲ. ಕೂದಲೆಳೆಯಷ್ಟು ಓರೆಯಾದ್ರೂ ಬೆಲ್ಟ್ ಕಿತ್ತೋಗುತ್ತೆ." ಅವನು ತಲೆ ಎತ್ತಿದ. "ನೀರು ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ."

ಕುಡಿದಳು. ಅಯ್ಯೋ, ಕಳ್ಳನಿಗೆ ಇಷ್ಟು ಒಳ್ಳೆ ಕಣ್ಣು ಯಾಕಪ್ಪಾ ಕೊಟ್ಟೆ ದೇವರೇ!

ಐದನೇ ದಿನ ಅವನು ಒಳಗೆ ಏಸಿ ಗ್ಯಾಸ್ ಸಿಲಿಂಡರ್ ತರಲು ಹೋದಾಗ ಅವಳು ಬಾನೆಟ್ ಕೆಳಗೆ ಬಗ್ಗಿದಳು. ಆಲ್ಟರ್ನೇಟರಿನ ಬೋಲ್ಟುಗಳ ಮೇಲೆ ಗೆರೆ ನೆಟ್ಟಗೇ ಇತ್ತು. ಆದರೆ ಬಣ್ಣ? ಅವಳದು ಕಡುಗೆಂಪು. ಇದು ಸ್ವಲ್ಪ ಗುಲಾಬಿ...

ಪಕ್ಕದ ಟೂಲ್ ಪೆಟ್ಟಿಗೆಯಲ್ಲಿ, ಸ್ಪ್ಯಾನರುಗಳ ನಡುವೆ, ಒಂದು ಹೊಸ ನೇಲ್ ಪಾಲಿಶ್ ಬಾಟಲಿ!

ಇವನೂ ಆಲ್ಟರ್ನೇಟರ್ ಬದಲಾಯಿಸಿಬಿಟ್ಟಿದ್ದಾನೆ! ಸಾಲದ್ದಕ್ಕೆ, ಈ ಬಾಟಲಿ ಯಾವ ಹುಡುಗಿಯದ್ದು? ಯಾವುದಕ್ಕೆ ಹೆಚ್ಚು ಹೊಟ್ಟೆ ಉರಿಯಿತೋ ಅವಳಿಗೇ ತಿಳಿಯಲಿಲ್ಲ.

"ಏನಿದು?" ಬಂದವನ ಮುಖಕ್ಕೇ ಬಾಟಲಿ ಹಿಡಿದಳು.

ಅವನ ಕಿವಿ ಕೆಂಪಾಯಿತು. "ಅದು... ಬೋಲ್ಟಿಗೆ."

"ಬೋಲ್ಟಿಗಾ? ನನ್ನ ಕಿವಿ ಮೇಲೆ ಹೂ ಇಡಬೇಡಿ!"

"ನಿಮ್ಮಪ್ಪ ಗೆರೆ ಎಳೆದಿದ್ರಲ್ಲಾ... ಹಳೇ ಕೈಗಳು ಹಾಗೇ ಮಾಡೋದು. ಸರಿಯಾಗಿ ಬಿಗಿ ಮಾಡಿದ ಮೇಲೆ ಗುರುತು ಹಾಕ್ತಾರೆ, ಸಡಿಲ ಆದ್ರೆ ಗೊತ್ತಾಗ್ಲಿ ಅಂತ. ಆಲ್ಟರ್ನೇಟರ್ ಸರಿಸದೆ ಕಂಪ್ರೆಸರ್‌ಗೆ ಜಾಗ ಇರ್ಲಿಲ್ಲ. ಬಿಚ್ಚಿದೆ, ಬಿಗಿದೆ. ಅವರ ಗೆರೆ ಅಳಿಸಿ ಸುಮ್ನಿರೋಕೆ ಮನಸ್ಸು ಬರ್ಲಿಲ್ಲ. ಮೂರು ಅಂಗಡಿ ಸುತ್ತಿದೆ, ಅದೇ ಬಣ್ಣ ಸಿಗ್ಲಿಲ್ಲ."

ಅವಳು ಬಗ್ಗಿ ಆಲ್ಟರ್ನೇಟರಿನ ನಂಬರ್ ಓದಿದಳು. ಅಪ್ಪ ಹಾಕಿದ್ದೇ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಸುಮ್ಮನಿರಲು ಆಗಲಿಲ್ಲ.

"ಅವು ಅಪ್ಪನ ಗೆರೆ ಅಲ್ಲ... ನಾನು ಎಳೆದಿದ್ದು. ನೀವು ಕದ್ದರೆ ಹಿಡಿಯೋಕೆ."

ಅವನು ತಿರುಗಿ ಸಿಲಿಂಡರ್ ಜೋಡಿಸಿದ. ಗ್ಯಾಸ್ ತುಂಬಿದ, ಪೈಪಿನ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದ, ಕೀಲಿ ಕೊಟ್ಟ. "ತಗೊಂಡು ಹೋಗಿ. ಕೆಲಸ ಆಯ್ತು." ಕಣ್ಣೆತ್ತಿ ನೋಡಲಿಲ್ಲ.

ದಾರಿಯುದ್ದಕ್ಕೂ ತಣ್ಣನೆಯ ಗಾಳಿ, ಕೆನ್ನೆ ಮೇಲೆ ಬಿಸಿ ಕಣ್ಣೀರು.

ಮನೆಯಲ್ಲಿ ಅಪ್ಪ ಬಾನೆಟ್ ಎತ್ತಿಸಿ, ನಡುಗುವ ಹೆಬ್ಬೆರಳಿನಿಂದ ಬೆಲ್ಟ್ ಒತ್ತಿ ನೋಡಿದರು. ಬ್ರಾಕೆಟ್ ಸವರಿದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಎಂಜಿನ್ ಕೂರಿಸೋಕೆ ನಾನು ಮಾಡಿದ ವೆಲ್ಡಿಂಗ್ ಒಂದನ್ನೂ ಕತ್ತರಿಸಿಲ್ಲ ನೋಡೇ ಪುಟ್ಟಿ. ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟಿದ್ದಾನೆ. ನೀನು ಅವನಿಗೆ ಏನು ಕೊಟ್ಟೆ?"

ಅವಳು ಬಾನೆಟ್ ಮುಚ್ಚಿದಳು.

"ಒಂದು ಮಾತು ಮಾತ್ರ ಅರ್ಥ ಆಗ್ಲಿಲ್ಲ. ಅವನ ಕೈಗೆ ಇದು ನಾಲ್ಕು ದಿನದ ಕೆಲಸ. ಐದು ಯಾಕಾಯ್ತು?"

ಮರುದಿನ ಮಧ್ಯಾಹ್ನ ಉರಿಬಿಸಿಲು. ಶೆಡ್ಡಿನೆದುರು ಪಿಕಪ್ ನಿಂತಿತು. ಪಕ್ಕದ ಸೀಟಿನಲ್ಲಿ ಅಪ್ಪ, ತಣ್ಣಗೆ, ರಾಜನ ಹಾಗೆ!

ಅವಳು ಇಳಿದು ಅವನೆದುರು ನಿಂತಳು.

"ತಪ್ಪಾಯ್ತು. ಮನಸ್ಸಿಗೆ ತುಂಬಾ ನೋವು ಮಾಡಿದೆ."

"ಹೋಗ್ಲಿ ಬಿಡಿ. ಇನ್ನೂ ಅನುಮಾನ ಇದೆಯಾ ನನ್ನ ಮೇಲೆ?"

"ಇದೆ, ಒಂದೇ ಒಂದು. ನಾಲ್ಕು ದಿನದ ಕೆಲಸಕ್ಕೆ ಐದು ದಿನ ಯಾಕೆ ತಗೊಂಡ್ರಿ?"

ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. "ನಾಲ್ಕನೇ ದಿನ ಬೆಳಿಗ್ಗೇನೇ ಎಲ್ಲ ಕೂತಿತ್ತು. ಗ್ಯಾಸ್ ತುಂಬೋದಷ್ಟೇ ಬಾಕಿ. ತುಂಬಿದ್ರೆ... ನೀವು ಮಧ್ಯಾಹ್ನ ಬರೋದು ನಿಂತುಹೋಗ್ತಿತ್ತು."

ಅವಳು ಪಿಕಪ್ಪಿನತ್ತ ಬೆರಳು ತೋರಿಸಿದಳು.

"ನಮ್ಮಪ್ಪ ಆ ಒಂದು ದಿನಾನೂ ಮನೇಲಿ ಕಿಟಕಿ ಪಕ್ಕ ಸುಮ್ನೆ ಕೂತಿದ್ರು, ಗೊತ್ತಾ?"

"ತಪ್ಪೇ. ಅವರ ಹತ್ರ ಕ್ಷಮೆ ಕೇಳ್ತೀನಿ."

"ಕ್ಷಮಿಸಿದ್ದೀನಪ್ಪಾ!" ಅಪ್ಪನ ಕಡೆಯ ಕಿಟಕಿ ಯಾವಾಗಲೋ ಒಂದಿಂಚು ಇಳಿದಿತ್ತು. "ಬೇಗ ಮಾತು ಮುಗಿಸಿ, ಗಿಡ ಬಾಡ್ತಿದೆ." ಕಿಟಕಿ ಏರಿತು.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಾಳೆ ಮಧ್ಯಾಹ್ನಾನೂ ಬರ್ತೀನಿ."

"ಯಾಕೆ, ಗಾಡಿಗೆ ಏನಾಯ್ತು?" ಅವನು ಗಾಬರಿಯಾದ.

"ಗಾಡಿಗೆ ಏನೂ ಆಗಿಲ್ಲ ರೀ," ಎಂದಳು ಅವಳು ಮೆಲ್ಲಗೆ. "ಆಗಿರೋದು ನನಗೆ."