ತಲೆಯಿಲ್ಲದ ಟ್ಯೂಲಿಪ್‌ಗಳು

ಮೊದಲು ನೋಡಿದವಳು ಮದುಮಗಳು ಸುಮನಾ. ಬೆಳಗಿನ ಜಾವ ಹಿತ್ತಲಿಗೆ ಬಂದವಳು ಕೈಯಲ್ಲಿದ್ದ ಅರಿಶಿನದ ಬಟ್ಟಲನ್ನು ಅಲ್ಲೇ ಕೈಬಿಟ್ಟಳು. ಹಸಿರು ಪರದೆಯ ಚಪ್ಪರದ ಬೀಗ ತೆರೆದಿತ್ತು. ಒಳಗೆ ಸಾಲುಸಾಲು ಕುಂಡ. ಕುಂಡದಲ್ಲಿ ಎಲೆ ಇತ್ತು, ದಂಟು ಇತ್ತು. ಮೊಗ್ಗು ಮಾತ್ರ ಇರಲಿಲ್ಲ. ಯಾರೋ ಒಂದೊಂದು ದಂಟಿನ ತಲೆಯನ್ನೂ ಹುಡುಕಿ ಹುಡುಕಿ ಕತ್ತರಿಸಿದ್ದರು.

ಸಬ್ ಇನ್‌ಸ್ಪೆಕ್ಟರ್ ಭವಾನಿ ಬರುವಷ್ಟರಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಸೇರದೆ ಏನು? ಭದ್ರಾವತಿಯ ನ್ಯೂ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಶಿವಮೂರ್ತಪ್ಪನವರ ಟ್ಯೂಲಿಪ್ ಸುದ್ದಿ ಗೊತ್ತಿಲ್ಲದವರೇ ಇರಲಿಲ್ಲ. ಕಾಶ್ಮೀರದಿಂದ ಗೆಡ್ಡೆ ತರಿಸಿದ್ದರು. ನೋಡಲು ಈರುಳ್ಳಿಯ ಹಾಗಿರುವ ಆ ಗೆಡ್ಡೆ ತಿಂಗಳುಗಟ್ಟಲೆ ಚಳಿ ಉಂಡರೆ ಮಾತ್ರ ಹೂ ಬಿಡುವುದು. ಭದ್ರಾವತಿಗೆ ಅಂಥ ಚಳಿ ಎಲ್ಲಿಂದ ಬರಬೇಕು? ಗೆಡ್ಡೆಗೆಂದೇ ಒಂದು ಫ್ರಿಜ್ ಕೊಂಡರು. ದಸರೆ ಹೊತ್ತಿಗೆ ಒಳಗಿಟ್ಟು, ಹೊಸ ವರ್ಷಕ್ಕೆ ತೆಗೆದು ನೆಟ್ಟರು. ಬೇರು ತಂಪಾಗಿರಲೆಂದು ದಿನವೂ ಕುಂಡಕ್ಕೆ ಐಸ್ ಇಡಿಸಿದರು.

“ಅಳಿಯಂಗೂ ಇಷ್ಟು ಉಪಚಾರ ಮಾಡಲ್ಲ ಬಿಡು ಮಾರಾಯ” ಎಂದು ಜನ ನಕ್ಕಿದ್ದರು. ಮೊಗ್ಗು ಕಂಡ ದಿನ ನಗು ನಿಂತಿತು. ಪತ್ರಿಕೆಯಲ್ಲಿ ಫೋಟೋ ಬಂತು. ಮಗಳ ಮದುವೆ ಮಂಟಪಕ್ಕೆ ತಾನೇ ಬೆಳೆದ ಟ್ಯೂಲಿಪ್ ಎಂದು ಶಿವಮೂರ್ತಪ್ಪ ಬೀಗರಿಗೆ ಮಾತು ಕೊಟ್ಟುಬಿಟ್ಟರು. ಬೀಗರು ಶಿವಮೊಗ್ಗದ ಕೋಟೆ ಕಡೆಯ ದೊಡ್ಡ ಕುಳ. ಮದುವೆ ನಾಳೆಯೇ ಇತ್ತು.

ಭವಾನಿ ಕೊಲೆ ನೋಡಿದ್ದಳು, ದರೋಡೆ ನೋಡಿದ್ದಳು. ಆದರೂ ಆ ಬೋಳು ದಂಟುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಇಷ್ಟು ತಣ್ಣಗೆ ಕೂತು ಹಗೆ ತೀರಿಸಿಕೊಳ್ಳುವವರೂ ಇರುತ್ತಾರೆಯೇ?

“ಬೀಗದ ಕೈ ಯಾರ ಹತ್ರ ಇರುತ್ತೆ?”

“ಒಂದು ನನ್ನ ಹತ್ರ” ಎಂದರು ಶಿವಮೂರ್ತಪ್ಪ. ಮುಖ ಬಿಳಿಚಿಕೊಂಡಿತ್ತು. “ಇನ್ನೊಂದು ಭೂತಪ್ಪನ ಹತ್ರ.”

ಭೂತಪ್ಪ ಆ ಮನೆಯ ತೋಟದ ಆಳು. ಸುಮನಾ ಲಂಗ ಹಾಕುತ್ತಿದ್ದ ಕಾಲದಿಂದ ಇದ್ದವನು. ಅವನೀಗ ಬಾವಿಕಟ್ಟೆಯ ಪಕ್ಕ ನೆಲ ನೋಡುತ್ತ ನಿಂತಿದ್ದ. ಅವನ ಎಡಗೆನ್ನೆ ಊದಿತ್ತು.

“ಇದು ಯಾರು ಮಾಡಿದ್ದು?”

“ನಾನೇ ಬಿಟ್ಟೆ ಎರಡು” ಎಂದ ಮಲ್ಲೇಶ್, ಶಿವಮೂರ್ತಪ್ಪನವರ ಹೆಂಡತಿಯ ತಮ್ಮ. “ಹೋದ ವಾರ ಬೀಗರ ಎದುರಿಗೆ ಭಾವ ಇವನಿಗೆ ಬೈದಿದ್ರು ಮೇಡಂ. ಆ ಸಿಟ್ಟು ಹೀಗೆ ತೀರಿಸ್ಕೊಂಡಿದಾನೆ. ಅನ್ನ ತಿಂದ ಮನೆ ಅನ್ನೋದೂ ನೋಡ್ಲಿಲ್ಲ.”

“ನೀನೇನಪ್ಪ ಮಾಡಿದ್ದು?”

“ಇಲ್ಲಮ್ಮ” ಎಂದ ಭೂತಪ್ಪ. ಅಷ್ಟೇ ಹೇಳಿದ.

“ನಿಮಗೂ ಇವನ ಮೇಲೇ ಅನುಮಾನವಾ ಯಜಮಾನ್ರೆ?”

“ಬೀಗ ಒಡೆದಿಲ್ಲ. ಇನ್ಯಾರ ಹೆಸರು ಹೇಳಲಿ?” ಎಂದ ಶಿವಮೂರ್ತಪ್ಪ, ಮಲ್ಲೇಶ್ ಬರೆದಿಟ್ಟಿದ್ದ ದೂರಿಗೆ ಸಹಿ ಹಾಕಿದರು. ಭೂತಪ್ಪನನ್ನು ಜೀಪಿನ ಪಕ್ಕ ಕೂರಿಸಲಾಯಿತು. ಅವನ ಹೆಂಡತಿ ಯಲ್ಲಮ್ಮ ಗೇಟಿನಾಚೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಇವತ್ತು ಜೀಪು ಹತ್ತಿದರೆ ನಾಳೆಯಿಂದ ಈ ಊರಿನಲ್ಲಿ ಗಂಡನಿಗೆ ಯಾರೂ ಕೆಲಸ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

*

ಅನುಮಾನಕ್ಕೆ ಇನ್ನೊಬ್ಬರೂ ಇದ್ದರು. ಪಕ್ಕದ ಮನೆಯ ಗೋವಿಂದಯ್ಯ, ಗುಲಾಬಿ ಬೆಳೆಸುವವರು. ಈ ಊರಲ್ಲಿ ಟ್ಯೂಲಿಪ್ ಅರಳಿದರೆ ಮೀಸೆ ಬೋಳಿಸುತ್ತೇನೆಂದು ಪಂಥ ಕಟ್ಟಿದ್ದರು.

“ಮೀಸೆ ಉಳೀತು ಅಂತ ಖುಷೀನಾ?” ಎಂದು ಕೇಳಿದಳು ಭವಾನಿ.

“ಹೂವಿನ ಕತ್ತು ಕೊಯ್ದು ಮೀಸೆ ಉಳಿಸ್ಕೊಳ್ಳೋ ಗಂಡಸಲ್ಲಮ್ಮ ನಾನು. ಶಂಕರಘಟ್ಟದಲ್ಲಿ ಮಗಳ ಮನೇಲಿದ್ದೆ. ಈಗ ತಾನೆ ಬಸ್ ಇಳಿದು ಬರ್ತಿದೀನಿ.” ಕೈಯಲ್ಲಿ ಚೀಲವೂ ಇತ್ತು, ಟಿಕೆಟ್ಟೂ ಇತ್ತು. ಬೇಲಿಯ ಮೇಲಿಂದ ಕುಂಡಗಳನ್ನು ನೋಡಿದ ಗೋವಿಂದಯ್ಯ ಕಣ್ಣು ಒರೆಸಿಕೊಂಡರು.

ಭವಾನಿ ಮತ್ತೆ ಚಪ್ಪರದೊಳಗೆ ಹೋದಳು. ನೆಲದಲ್ಲಿ ಒಂದು ಮೊಗ್ಗೂ ಬಿದ್ದಿರಲಿಲ್ಲ. ಅದು ಅವಳ ತಲೆ ತಿನ್ನತೊಡಗಿತು. ಹಗೆ ಸಾಧಿಸುವವನು ಕತ್ತರಿಸಿದ್ದನ್ನು ಅಲ್ಲೇ ಚೆಲ್ಲಿ ಹೋಗುತ್ತಾನೆ. ನೋಡಿ ಉರಿದುಕೊಳ್ಳಲಿ ಎಂಬುದೇ ಅವನ ಆಸೆ. ಕಳ್ಳನಾದರೆ ದಂಟಿನ ಸಮೇತ ಒಯ್ಯುತ್ತಾನೆ. ದಂಟಿಲ್ಲದ ಹೂವನ್ನು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ. ಇಲ್ಲಿ ದಂಟು ಬಿಟ್ಟು ತಲೆ ಮಾತ್ರ ಒಯ್ದಿದ್ದಾರೆ. ಹಾಗಾದರೆ ಆ ಮೊಗ್ಗುಗಳು ಯಾರ ಕಣ್ಣಿಗೂ ಬೀಳಬಾರದಾಗಿತ್ತು.

ಅವಳು ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಬಿಡಿಸುತ್ತ ಹೋದಳು. ಮೂಲೆಯ ಕುಂಡವೊಂದರಲ್ಲಿ ಎರಡು ಎಲೆಗಳ ನಡುವೆ ಗಿಡ್ಡ ಮೊಗ್ಗೊಂದು ಸಿಕ್ಕಿತು. ಕತ್ತರಿಸಿದವರ ಕಣ್ಣು ತಪ್ಪಿಸಿಕೊಂಡಿತ್ತು. ಉಗುರಿನಿಂದ ಸೀಳಿದಳು. ಒಳಗೆ ಬಣ್ಣವಿರಲಿಲ್ಲ. ಈರುಳ್ಳಿ ಸಿಪ್ಪೆಯಂತೆ ಒಣಗಿದ್ದ ಕಂದು ಪದರ, ಅಷ್ಟೇ.

ಸುಮನಾ ಬಾಟನಿ ಓದಿದವಳು. ಭವಾನಿ ಅವಳನ್ನು ಕರೆದು ಅಂಗೈ ಚಾಚಿದಳು.

“ಇದು ಇವತ್ತು ಒಣಗಿದ್ದಾ?”

ಸುಮನಾ ಬೆರಳಲ್ಲಿ ತಿರುಗಿಸಿ ನೋಡಿದಳು. “ಅಲ್ಲ ಮೇಡಂ. ಇದು ಯಾವತ್ತೂ ಅರಳ್ತಾನೇ ಇರ್ಲಿಲ್ಲ. ಗೆಡ್ಡೆ ಫ್ರಿಜ್ಜಲ್ಲಿದ್ದಾಗ್ಲೇ ಕೆಟ್ಟಿದೆ. ಹಣ್ಣಿನ ಜೊತೆ ಇಟ್ರೆ ಹೀಗಾಗುತ್ತೆ. ಮಾಗಿದ ಹಣ್ಣು ಒಂಥರಾ ಗಾಳಿ ಬಿಡುತ್ತೆ. ಅದು ತಗುಲಿದ್ರೆ ಗೆಡ್ಡೆಯೊಳಗಿನ ಹೂ ಸತ್ತುಹೋಗುತ್ತೆ, ಎಲೆ, ದಂಟು, ಪೊಳ್ಳು ಮೊಗ್ಗು ಮಾತ್ರ ಬರುತ್ತೆ. ಆದ್ರೆ ಆ ಫ್ರಿಜ್ಜಲ್ಲಿ ಹಣ್ಣು ಎಲ್ಲಿತ್ತು?”

ಬಾಗಿಲಲ್ಲಿ ನಿಂತಿದ್ದ ತಾಯಿ ಉಮಾಮಹೇಶ್ವರಿಯ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು.

“ನಿನ್ನ ನಿಶ್ಚಿತಾರ್ಥದ್ದು ಕಣೇ. ಬೀಗರು ತಟ್ಟೆಗಟ್ಟಲೆ ಸೇಬು ತಂದಿದ್ರಲ್ಲ. ಶುಭಕಾರ್ಯದ ಹಣ್ಣು, ಕೆಡಬಾರ್ದು, ಬಿಸಾಡೋ ಹಾಗೂ ಇಲ್ಲ. ನಮ್ಮ ಫ್ರಿಜ್ ತುಂಬಿತ್ತು. ನೆಂಟರಿಗೆಲ್ಲ ಹಂಚಿ ಮುಗಿಯೋ ತನಕ ಗೆಡ್ಡೆ ಜೊತೆ ಆ ಫ್ರಿಜ್ಜಲ್ಲೇ ಇಟ್ಟಿದ್ದೆ. ನಿಮ್ಮಪ್ಪಂಗೂ ಗೊತ್ತಿತ್ತು.”

ಅಷ್ಟರಲ್ಲಿ ಗೇಟಿನ ಹತ್ತಿರ ವ್ಯಾನೊಂದು ಹಾರ್ನ್ ಹೊಡೆಯಿತು.

*

ವ್ಯಾನಿನಿಂದ ಇಳಿದವನು ಕಾಂತರಾಜ್, ಶಿವಮೊಗ್ಗದ ಮಂಟಪ ಅಲಂಕಾರದವನು. ಪೊಲೀಸರನ್ನು ಕಂಡು ಗಾಬರಿಯಾದ.

“ಗಾಡಿ ತುಂಬ ಏನಿದೆ?” ಎಂದಳು ಭವಾನಿ.

“ಸುಗಂಧರಾಜ, ಜರ್ಬೆರಾ, ಮೇಡಂ. ಮಂಟಪಕ್ಕೆ. ಒಂದ್ಸಲ ತೋರಿಸ್ಕೊಂಡು ಹೋಗೋಣ ಅಂತ ಬಂದೆ.”

“ಮಂಟಪಕ್ಕೆ ಟ್ಯೂಲಿಪ್ ಅಲ್ವಾ?”

“ಮೊದಲು ಹಾಗೇ ಮಾತಾಗಿತ್ತು. ಮೊನ್ನೆ ಯಜಮಾನ್ರು ಫೋನ್ ಮಾಡಿ ಟ್ಯೂಲಿಪ್ ಆಗಲ್ಲ, ಪೂರ್ತಿ ಬೇರೆ ಹೂ ತಾ ಅಂದ್ರು.”

ಭವಾನಿ ನಿಧಾನವಾಗಿ ಶಿವಮೂರ್ತಪ್ಪನವರ ಕಡೆ ತಿರುಗಿದಳು. ಉತ್ತರ ಆಗಲೇ ಅವಳಿಗೆ ಸಿಕ್ಕಿತ್ತು. ಆದರೆ ಅದನ್ನು ನಂಬಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

“ಹೂ ಕತ್ತರಿಸಿದ್ದು ಇವತ್ತು. ಟ್ಯೂಲಿಪ್ ಆಗಲ್ಲ ಅಂತ ಮೊನ್ನೇನೇ ನಿಮಗೆ ಹೇಗೆ ಗೊತ್ತಾಯ್ತು ಯಜಮಾನ್ರೆ?”

ಶಿವಮೂರ್ತಪ್ಪ ಹಿತ್ತಲ ಕಡೆ ಮುಖ ತಿರುಗಿಸಿದರು.

“ನಾನು ಹೇಳ್ತೀನಿ. ಮೊಗ್ಗು ದಪ್ಪ ಆಗ್ದೇ ಇದ್ದಿದ್ದು ನೋಡಿ ನೀವೇ ಒಂದನ್ನ ಸೀಳಿದ್ರಿ. ಒಳಗೆ ಬರೀ ಸಿಪ್ಪೆ. ನಾಳೆ ಬೀಗರ ಮುಂದೆ, ಊರ ಮುಂದೆ ಏನು ಹೇಳೋದು? ಹೂ ಅರಳ್ಲಿಲ್ಲ ಅಂದ್ರೆ ಜನ ನಗ್ತಾರೆ. ಯಾರೋ ಹಾಳು ಮಾಡಿದ್ರು ಅಂದ್ರೆ ಅಯ್ಯೋ ಪಾಪ ಅಂತಾರೆ. ಮೊಗ್ಗು ಸೀಳಿ ನೋಡಿದ್ರೆ ಗುಟ್ಟು ಹೊರಗೆ ಬೀಳುತ್ತೆ ಅಂತ ಅವನ್ನೂ ಮಾಯ ಮಾಡಿದ್ರಿ. ಎಲ್ಲಿ ಅವು?”

“ನೀರೊಲೆಯಲ್ಲಿ” ಎಂದರು ಶಿವಮೂರ್ತಪ್ಪ. ದನಿ ಕೇಳಿಸುವಂತಿರಲಿಲ್ಲ. “ಭೂತಪ್ಪನ ಹೆಸರು ನಾನು ಎತ್ತಿರ್ಲಿಲ್ಲ. ಮಲ್ಲೇಶ್ ಎತ್ತಿದ. ಆಮೇಲೆ ಬಾಯೇ ಬರ್ಲಿಲ್ಲ.”

“ಸಹಿ ಹಾಕೋಕೆ ಕೈ ಬಂತಲ್ಲ.”

ಮಲ್ಲೇಶ್ ತನ್ನ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಉಮಾಮಹೇಶ್ವರಿ ಮೆಟ್ಟಿಲ ಮೇಲೆ ಕುಸಿದು ಕೂತರು. ಸುಮನಾ ಅಪ್ಪನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ದಿನವೂ ಕಂಡ ಆ ಮುಖ ಅವಳಿಗೆ ಗುರುತು ಸಿಗದಂತಾಗಿತ್ತು.

*

ಭವಾನಿ ಜೀಪಿನ ಹತ್ತಿರ ಹೋದಳು.

“ಎದ್ದೇಳಪ್ಪ. ನಿನ್ನದೇನೂ ತಪ್ಪಿಲ್ಲ. ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ಮ ಯಜಮಾನ್ರ ಮೇಲೇ ಕ್ರಮ ಜರುಗಿಸಬಹುದು. ಹೊಡೆದವನ ಮೇಲೆ ನೀನು ದೂರು ಕೊಟ್ರೆ ಅದೂ ಆಗುತ್ತೆ.”

“ಬೇಡಮ್ಮ. ಮಗು ಮದುವೆ.”

“ಯಾರು ಮಾಡಿದ್ದು ಅಂತ ನಿನಗೆ ಅನುಮಾನವೇ ಬರ್ಲಿಲ್ವಾ?”

ಭೂತಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಕೆನ್ನೆ ಮುಟ್ಟಿದಾಗ ಮುಖ ಕಿವುಚಿದ.

“ಅನುಮಾನ ಏನಮ್ಮ, ನೋಡಿದ್ದೆ. ಇನ್ನೂ ಕತ್ತಲಿರುವಾಗ್ಲೇ ಐಸ್ ತಗೊಂಡು ಬಂದೆ, ಯಜಮಾನ್ರು ಕತ್ತರಿ ಹಿಡ್ಕೊಂಡು ಕೂತಿದ್ರು. ಅಳ್ತಿದ್ರು. ನಾನು ಸದ್ದು ಮಾಡ್ದೆ ವಾಪಸ್ ಹೋದೆ.”

“ಗೊತ್ತಿದ್ದೂ ಏಟು ತಿಂದೆಯಲ್ಲೋ. ಯಾಕೆ ಹೇಳ್ಲಿಲ್ಲ?”

“ಅವರೇ ಹೇಳ್ತಾರೆ ಅಂತ ಕಾಯ್ತಿದ್ದೆ. ಮೊದಲನೇ ಏಟು ಬಿದ್ದಾಗ ಈಗ ಹೇಳ್ತಾರೆ ಅಂದ್ಕೊಂಡೆ. ಎರಡನೇದಕ್ಕೂ ಹೇಳ್ಲಿಲ್ಲ.”

ಶಿವಮೂರ್ತಪ್ಪ ಗೇಟಿನವರೆಗೆ ಬಂದಿದ್ದರು. ಮಾತು ಕಿವಿಗೆ ಬಿದ್ದಿತ್ತು. “ಭೂತಪ್ಪ” ಎಂದು ಕೈ ಮುಂದೆ ಚಾಚಿದರು. ಭೂತಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿ ಆ ಕೈಯಲ್ಲಿಟ್ಟ. ಆಮೇಲೆ ಯಲ್ಲಮ್ಮನ ಜೊತೆ ರಸ್ತೆಗಿಳಿದ. ಸುಮನಾ ಬರಿಗಾಲಲ್ಲೇ ತಿರುವಿನವರೆಗೆ ಓಡಿ ಕೂಗಿದಳು. ಅವನು ನಿಂತು, ಅವಳ ತಲೆಯ ಮೇಲೆ ಕೈಯಿಟ್ಟು, ಮತ್ತೆ ನಡೆದ. ಮದುವೆಗೆ ಬರುತ್ತೇನೆಂದು ಮಾತ್ರ ಹೇಳಲಿಲ್ಲ.