ಫೋಟೊದ ಅಂಚಿನಲ್ಲಿ ಅವನು

"ಇದು... ನಾನಾ?!"

ಫ್ರೇಮ್ ಅಂಗಡಿಯ ಒಡತಿ ಫೋಟೊವನ್ನು ಬೆಳಕಿಗೆ ಹಿಡಿದಳು. ಪ್ರದರ್ಶನಕ್ಕೆಂದು ಫೋಟೊಗ್ರಾಫರ್ ತಂದ ಕಟ್ಟಿನ ತಳದಲ್ಲಿತ್ತು ಅದು. ಕೆದರಿದ ಕೂದಲು, ಕೆನ್ನೆಗೆ ಮೆತ್ತಿದ ಅಂಟು, ಕಣ್ತುಂಬ ನೀರು! ಅಪ್ಪ ತೀರಿಹೋದ ಮೇಲೆ ಅವಳು ಅಂಗಡಿ ತೆರೆದ ಮೊದಲ ದಿನ...

"ಯಾರನ್ನ ಕೇಳಿ ತೆಗೆದ್ರಿ?"

"ಕೇಳಿದ್ರೆ ನೀವು ಕೂದಲು ಬಾಚ್ಕೊಂಡು ಬರ್ತಿದ್ರಿ."

"ಬರ್ತಿದ್ದೆ! ಅಳುಮೋರೆ ಹಾಕ್ಕೊಂಡು ಗೋಡೆ ಮೇಲೆ ನೇತಾಡೋಕೆ ನಾನೇನು ಗಡಿಯಾರಾನಾ? ಶುಕ್ರವಾರ ಬಂದು ತಗೊಂಡ್ಹೋಗಿ. ಮಾತು ಬೇಡ."

ಅವನು ಕಟ್ಟನ್ನು ಅಲ್ಲೇ ಬಿಟ್ಟು ಹೋದ.

ಅವನ ಫೋಟೊಗಳೆಂದರೆ ಅವಳಿಗೆ ಕೋಪವೂ ಹೌದು, ಹುಚ್ಚೂ ಹೌದು. ಸಿಂಕಿನ ಮುಂದೆ ಕುಸಿದು ಕೂತ ಅವನ ಅಕ್ಕ, ಹಲ್ಲುಜ್ಜುತ್ತಲೇ ನಗುವ ಗೆಳೆಯ... ಎಲ್ಲ ವಾರೆಕೋರೆ, ಅರ್ಧ ಮಸುಕು. ಇನ್ನೊಬ್ಬರ ಮನೆಯೊಳಗೆ ಇಷ್ಟು ನುಗ್ಗಬಹುದಾ? ಹಾಗೆನ್ನಿಸಿದರೂ ಫ್ರೇಮ್ ಹಾಕಿದ ಮೇಲೆ ಕಳಿಸಿಕೊಡಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ.

ಹಠಕ್ಕೆ ಬಿದ್ದು ರಟ್ಟಿನಲ್ಲಿ ಪುಟ್ಟ ಕಿಂಡಿ ಕತ್ತರಿಸಿ ಫೋಟೊ ಮೇಲಿಟ್ಟಳು. ಕೈಗಳಷ್ಟೇ ಕಾಣಬೇಕು, ಮುಖ ಮುಚ್ಚಿಹೋಗಬೇಕು!

ರಟ್ಟು ಸ್ವಲ್ಪ ಜಾರಿತು. ಫೋಟೊದ ಅಂಚಿನಲ್ಲಿ, ಗೋಡೆಗೆ ಒರಗಿಸಿದ್ದ ಗಾಜಿನಲ್ಲಿ, ಅವನು! ಕ್ಯಾಮೆರಾ ಎದೆಯ ಹತ್ತಿರ, ಕಣ್ಣು ಅವಳ ಮೇಲೆ. ಆ ಕಣ್ಣಲ್ಲೂ ನೀರಿತ್ತು.

ಇವನ ಮೊದಲ ಫೋಟೊಗೆ ಫ್ರೇಮ್ ಹಾಕಿಕೊಟ್ಟದ್ದು ಅಪ್ಪನೇ ಅಲ್ಲವೇ...

ಶುಕ್ರವಾರ ಬಾಗಿಲಲ್ಲೇ ನಿಂತ ಅವನನ್ನು ಅವಳೇ ಕೇಳಿದಳು, "ಈಗ ಹೇಳಿ. ನನ್ನ ಫೋಟೊ ಪ್ರದರ್ಶನಕ್ಕಾ?"

"ಅಲ್ಲ. ಯಾರ ಫೋಟೊ ತೆಗೀತೀನೋ ಮೊದಲು ಅವರ ಕೈಗೇ ಕೊಡ್ತೀನಿ. ಹೂಂ ಅಂದ್ರೆ ಗೋಡೆಗೆ, ಊಹೂಂ ಅಂದ್ರೆ ಅದು ಅವರದ್ದೇ. ಅಕ್ಕನೂ ಹೂಂ ಅಂದ್ಮೇಲೇ ಹಾಕಿದ್ದು. ನಿಮಗೆ ಎದುರಿಗೆ ಕೊಡೋಕೆ ಧೈರ್ಯ ಬರ್ಲಿಲ್ಲ, ಕಟ್ಟಿಗೆ ಸೇರಿಸ್ಬಿಟ್ಟೆ."

"ಎಲ್ಲರ ಅಡುಗೆಮನೆಗೂ ನುಗ್ಗೋರು, ನನ್ನ ಬಾಗಿಲಲ್ಲಿ ಕಾಲು ನಡುಗಿತಾ?"

"ನಡುಗಿತು. ಅವರನ್ನೆಲ್ಲ ನಾನು ಇಷ್ಟೊಂದು ಪ್ರೀತಿಸ್ತಿರ್ಲಿಲ್ಲ..."

ಅವಳು ಮೇಜಿನ ಮೇಲೆ ಫ್ರೇಮ್ ಇಟ್ಟಳು. ರಟ್ಟಿಲ್ಲ, ಕಿಂಡಿಯಿಲ್ಲ. ಅಂಚಿನವರೆಗೂ ಇಡೀ ಫೋಟೊ, ಅವಳೂ ಅವನೂ.

"ಊಹೂಂ. ಇದು ನಂದು, ನಮ್ಮನೇಲಿರುತ್ತೆ. ನೋಡ್ಬೇಕಂದ್ರೆ ಅಲ್ಲಿಗೇ ಬರ್ಬೇಕು."

"ದಿನಾ ಬರ್ಲಾ?"

"ಬಾ."

ಮೊದಲ ಸಲ ಬಹುವಚನ ಬಿಟ್ಟುಹೋಗಿತ್ತು. ಅವನ ಮುಖ ಅರಳಿತು.

"ಕ್ಯಾಮೆರಾ?"

"ತಾ. ಆದ್ರೆ ಕೇಳಿ ತೆಗಿ..." ಅವಳು ನಕ್ಕಳು. "ಕೂದಲು ಮಾತ್ರ ಬಾಚಲ್ಲ ನಾನು!"